ಅಂಚಿನ ಟಿಪ್ಪಣಿ ಎಲ್ಲರಿಗೂ ಸಿಗಬೇಕಾದರೆ

ಮುಖ್ಯ ಬರಹದ ಸಾಲಿಗೆ ನೇರವಾಗಿ, ಪುಟದ ಅಂಚಿನಲ್ಲಿ ಸಣ್ಣಕ್ಷರದಲ್ಲಿ ಬರುವ ವಿವರಣೆಯೇ ಪಕ್ಕಟಿಪ್ಪಣಿ. ಅಡಿಟಿಪ್ಪಣಿಯಾದರೆ ಕಣ್ಣು ಪುಟದ ಬುಡಕ್ಕಿಳಿದು ಮತ್ತೆ ಮೇಲೆ ಬರಬೇಕು. ವೆಬ್ ಪುಟದ ಬುಡ ಎಷ್ಟೋ ಪರದೆಗಳಷ್ಟು ಕೆಳಗಿರುವುದರಿಂದ ಅಲ್ಲಿ ಓದು ಕಡಿದೇ ಹೋಗುತ್ತದೆ. ಅಮೆರಿಕದ ಮಾಹಿತಿ ವಿನ್ಯಾಸ ತಜ್ಞ ಎಡ್ವರ್ಡ್ ಟಫ್ಟಿ ತಮ್ಮ ಪುಸ್ತಕಗಳಲ್ಲಿ ಪಕ್ಕಟಿಪ್ಪಣಿಗಳನ್ನು ಬಲು ಸೊಗಸಾಗಿ ಬಳಸಿದ್ದಾರೆ. ಆ ವಿನ್ಯಾಸವನ್ನು ವೆಬ್‌ಗೆ ಒಗ್ಗಿಸಿದ್ದು 'ಟಫ್ಟಿ ಸಿಎಸ್‌ಎಸ್'.

ವೆಬ್ ಪುಟದಲ್ಲಿ ಯಾವುದು ಶೀರ್ಷಿಕೆ, ಯಾವುದು ಪ್ಯಾರಾ ಎಂದು ಗುರುತಿಸುವುದು ಎಚ್‌ಟಿಎಂಎಲ್. ಅದು ಕಾಣುವ ಬಗೆಯನ್ನು ನಿರ್ಧರಿಸುವುದು ಸಿಎಸ್‌ಎಸ್. ನೋಡುವ ಕಣ್ಣಿಗೆ ಟಿಪ್ಪಣಿ ಬಲಗಡೆ ಕಂಡರೆ ಸಾಕು. ದೃಷ್ಟಿಯಿಲ್ಲದವರು ಬಳಸುವ ಎನ್‌ವಿಡಿಎಯಂಥ ಸ್ಕ್ರೀನ್ ರೀಡರ್ ಮಾತ್ರ ಪುಟವನ್ನು ಎಚ್‌ಟಿಎಂಎಲ್‌ನಲ್ಲಿ ಬರೆದ ಕ್ರಮದಲ್ಲೇ ಓದಿ ಹೇಳುತ್ತದೆ. ಟಿಪ್ಪಣಿಗಳನ್ನೆಲ್ಲ ಕಡತದ ಕೊನೆಯಲ್ಲಿ ಬರೆದು, ಸಿಎಸ್‌ಎಸ್‌ನಿಂದ ಮೇಲಕ್ಕೆಳೆದು ಕೂರಿಸಿದರೆ ಕೇಳುವವರಿಗೆ ಅವು ಸಂದರ್ಭ ತಪ್ಪಿದ ಮಾತುಗಳು. ಹಾಗಾಗಿ ಟಿಪ್ಪಣಿಯನ್ನು ಅದು ವಿವರಿಸುವ ಮಾತಿನ ಬೆನ್ನಿಗೇ ಬರೆಯಬೇಕು. ಸಿಎಸ್‌ಎಸ್ ಅದನ್ನು ಅಂಚಿಗೆ ಸರಿಸಿದರೆ ಸಾಕು.

ಪಕ್ಕದ ಮಾತಿಗೆಂದೇ ಎಚ್‌ಟಿಎಂಎಲ್‌ನಲ್ಲಿ 'ಅಸೈಡ್' ಟ್ಯಾಗ್ ಇದೆ. ತೊಡಕೆಂದರೆ, ಅದನ್ನು ಪ್ಯಾರಾದ ನಡುವೆ ಇಟ್ಟ ಕೂಡಲೇ ಬ್ರೌಸರ್ ಪ್ಯಾರಾವನ್ನು ಅಲ್ಲಿಗೇ ಮುಗಿಸುತ್ತದೆ, ಉಳಿದ ವಾಕ್ಯ ಹೊರಗೆ ಬೀಳುತ್ತದೆ. ಅದರ ಬದಲು ಪ್ಯಾರಾವನ್ನು ಮುರಿಯದ 'ಸ್ಪ್ಯಾನ್' ಟ್ಯಾಗ್ ಬಳಸಿ, ಅದು ಏನೆಂದು ಸ್ಕ್ರೀನ್ ರೀಡರ್‌ಗೆ ತಿಳಿಸುವ ಗುರುತಾಗಿ 'ನೋಟ್' ಎಂಬ ರೋಲ್ ಕೊಡಬಹುದು. ಈ ರೋಲ್ ಅನ್ನು ಎಲ್ಲ ಸ್ಕ್ರೀನ್ ರೀಡರ್‌ಗಳೂ ಹೇಳುವುದಿಲ್ಲ. ಆದ್ದರಿಂದ ಮೊದಲಿಗೆ 'ಟಿಪ್ಪಣಿ', ಕೊನೆಗೆ 'ಟಿಪ್ಪಣಿ ಮುಗಿಯಿತು' ಎಂಬ ಮಾತುಗಳನ್ನು ಕಣ್ಣಿಗೆ ಕಾಣದಂತೆ, ಕಿವಿಗೆ ಕೇಳುವಂತೆ ಸೇರಿಸುವುದು ಒಳ್ಳೆಯದು. ಸಿಎಸ್‌ಎಸ್‌ನಲ್ಲಿ 'ಡಿಸ್‌ಪ್ಲೇ ನನ್' ಎಂದು ಬಚ್ಚಿಟ್ಟರೆ ಕಿವಿಗೂ ಕೇಳದು.

ಮೊಬೈಲಿನಲ್ಲಿ ಅಂಚೇ ಇರುವುದಿಲ್ಲ. ಅಲ್ಲಿ ಟಿಪ್ಪಣಿಯನ್ನು ಸಾಲಿನ ಕೆಳಗೇ ತೋರಿಸುವುದು ಸರಳ ದಾರಿ. ಒತ್ತಿದಾಗ ತೆರೆದುಕೊಳ್ಳಲೆಂದು ಟಫ್ಟಿ ಸಿಎಸ್‌ಎಸ್ ಬಚ್ಚಿಟ್ಟ ಚೆಕ್‌ಬಾಕ್ಸ್ ಬಳಸುತ್ತದೆ. ಬೆರಳಿಗೆ ಸಿಗುವ ಅದು ಕೀಬೋರ್ಡಿಗೆ ಸಿಗುವುದಿಲ್ಲ, ಕೈನಡುಕದಿಂದ ಮೌಸ್ ಹಿಡಿಯಲಾಗದವರಿಗೆ ಟಿಪ್ಪಣಿ ತೆರೆಯುವುದೇ ಇಲ್ಲ. ನಿಜವಾದ ಬಟನ್ ಇಟ್ಟು, ತೆರೆದಿದೆಯೋ ಮುಚ್ಚಿದೆಯೋ ಎಂಬುದನ್ನು 'ಏರಿಯಾ ಎಕ್ಸ್‌ಪಾಂಡೆಡ್' ಗುಣದಿಂದ ತಿಳಿಸಿದರೆ ಈ ಕೊರತೆ ನೀಗುತ್ತದೆ.

ದೊಡ್ಡ ಪರದೆಯಲ್ಲೂ ಮಂದದೃಷ್ಟಿಯವರು ಪುಟವನ್ನು ಹಿಗ್ಗಿಸಿ ಓದುತ್ತಾರೆ. 1280 ಪಿಕ್ಸೆಲ್ ಅಗಲದ ಕಿಟಕಿಯನ್ನು 400% ಹಿಗ್ಗಿಸಿದರೆ ಬರಹಕ್ಕೆ ಉಳಿಯುವುದು 320 ಪಿಕ್ಸೆಲ್‌ನ ಜಾಗ. ಆಗಲೂ ಸಾಲು ಓದಲು ಅಡ್ಡಡ್ಡ ಸರಿಸುವಂತಾಗಬಾರದು ಎನ್ನುತ್ತದೆ ವೆಬ್ ಪುಟಗಳು ಎಲ್ಲರಿಗೂ ಸಿಗುವಂತಿರಲು ರೂಪಿಸಿದ 2018ರ ಮಾರ್ಗಸೂಚಿ ಡಬ್ಲ್ಯುಸಿಎಜಿ 2.1. ಮೊಬೈಲಿಗೆ ಬರೆದ ಸಿಎಸ್‌ಎಸ್ ನಿಯಮವೇ ಇಲ್ಲಿಗೂ ಒದಗುತ್ತದೆ. ಟಿಪ್ಪಣಿಯ ಬಣ್ಣಕ್ಕೂ ಹಿನ್ನೆಲೆಗೂ ಕನಿಷ್ಠ 4.5:1 ಕಾಂಟ್ರಾಸ್ಟ್ ಇರಬೇಕು. ಕನ್ನಡ ಪುಟಗಳಲ್ಲಿ ಅಕ್ಷರವನ್ನು ತೀರಾ ಕಿರಿದಾಗಿಸಿದರೆ ಒತ್ತಕ್ಷರಗಳು ಕಲಸಿಹೋಗುತ್ತವೆ. ಇಂಗ್ಲಿಷ್ ಟಿಪ್ಪಣಿಗಿಂತ ತುಸು ದೊಡ್ಡ ಅಕ್ಷರ, ಹೆಚ್ಚು ಸಾಲಂತರ ಬೇಕು.