ಹಿಮ ನಿಂತ ಮೇಲೆ ಶುರು ಚಳಿ

ಜನವರಿಯಲ್ಲಿ ಕಾಶ್ಮೀರಕ್ಕೆ ಹೊರಟವರ ಮೊದಲ ಲೆಕ್ಕವೇ ತಪ್ಪು. ಹಿಮ ಸುರಿಯುವ ದಿನ ಕಡುಚಳಿ, ಬಿಸಿಲು ಕಂಡರೆ ಬದುಕಿದೆವು ಎಂದುಕೊಂಡಿರುತ್ತಾರೆ. ಶ್ರೀನಗರದಲ್ಲಿ ಆಗುವುದು ಬಹುತೇಕ ಇದರ ತಿರುವುಮುರುವು. ಹಿಮ ಸುರಿಸುವ ಮೋಡವೇ ರಾತ್ರಿ ಕಣಿವೆಗೆ ಕಂಬಳಿ. ನೆಲದ ಶಾಖ ಪೂರ್ತಿ ಸೋರಿಹೋಗಲು ಅದು ಬಿಡದು. ಸುರಿಯುವಷ್ಟು ಹೊತ್ತೂ ಉಷ್ಣಾಂಶ ಸಾಮಾನ್ಯವಾಗಿ ಸೊನ್ನೆಯ ಆಸುಪಾಸಿನಲ್ಲೇ ಇರುತ್ತದೆ. ಮೋಡ ಚದುರಿತೋ, ಕೆಟ್ಟಿತು. ಹಗಲಿನ ಬಿಸಿಲನ್ನು ಬಿಳಿ ನೆಲ ವಾಪಸ್ ಕಳಿಸುತ್ತದೆ, ರಾತ್ರಿ ಉಳಿದ ಶಾಖವೂ ಬಯಲು ಆಕಾಶದ ಪಾಲು. 2021ರ ಜನವರಿ ಮೊದಲ ವಾರ ಅಲ್ಲಿ ಭಾರಿ ಹಿಮ ಬಿದ್ದು ಹೆದ್ದಾರಿ ಮುಚ್ಚಿತು, ವಿಮಾನಗಳು ರದ್ದಾದವು. ಆದರೆ ಶ್ರೀನಗರ ಮೈನಸ್ 8.4 ಡಿಗ್ರಿಗೆ ಇಳಿದದ್ದು ಆಕಾಶ ತಿಳಿಯಾದ ಮೇಲೆ, 14ನೇ ತಾರೀಖು.

ಆಗ ದಾಲ್ ಸರೋವರವೂ ಹೆಪ್ಪುಗಟ್ಟಿತ್ತು. ತಳದವರೆಗೂ ಅಲ್ಲ, ಮೇಲ್ಪದರ ಮಾತ್ರ. ನೀರು ಅತಿ ಭಾರವಾಗಿರುವುದು 4 ಡಿಗ್ರಿಯಲ್ಲಿ. ಆ ನೀರು ಕೆಳಗಿಳಿದು ದ್ರವವಾಗಿಯೇ ಉಳಿಯುತ್ತದೆ. ಮೀನಿಗೆ ಅದು ಸಾಕು. ಮೇಲೆ ನಿಂತು ಸೆಲ್ಫಿ ತೆಗೆಯುವವರಿಗೆ ಅದೇ ಗಂಡಾಂತರ.

ಇನ್ನು ‘ಒಂದು ಪೆಗ್ ಹಾಕಿದರೆ ಮೈ ಬೆಚ್ಚಗಾಗುತ್ತೆ’ ಎಂಬ ಸಬೂಬು. ಬೆಚ್ಚಗಾದಂತೆ ಅನಿಸುವುದು ಚರ್ಮಕ್ಕೆ ಮಾತ್ರ. ಮದ್ಯ ಚರ್ಮದ ರಕ್ತನಾಳಗಳನ್ನು ಹಿಗ್ಗಿಸಿ, ಒಳಗಿನ ಬಿಸಿಯನ್ನು ಹೊರಗೆ ಚೆಲ್ಲಿಸುತ್ತದೆ.

ನನಗೆ ಹೆಚ್ಚು ಭಯ ಹುಟ್ಟಿಸುವುದು ಮಾತ್ರ ‘ಹೊಗೆ ಇಲ್ಲದ ಕೆಂಡಕ್ಕೆ ಹೆದರಬೇಕಿಲ್ಲ’ ಎನ್ನುವ ನಂಬಿಕೆ. ಕಾಶ್ಮೀರಿಗಳು ಫೆರನ್ ಎಂಬ ನಿಲುವಂಗಿಯ ಒಳಗಿಟ್ಟುಕೊಳ್ಳುವ ಕಾಂಗ್ರಿ ನೋಡಲು ಚೆಂದ: ಕಡ್ಡಿಗಳಲ್ಲಿ ಹೆಣೆದ ಬುಟ್ಟಿ, ಅದರೊಳಗೆ ಮಣ್ಣಿನ ಕುಡಿಕೆ, ಬೂದಿ ಮುಚ್ಚಿದ ಇದ್ದಿಲ ಕೆಂಡ, ಕೆದಕಲು ದಾರದಲ್ಲಿ ತೂಗುವ ಪುಟ್ಟ ಚಮಚ. ವರ್ಷಗಟ್ಟಲೆ ಅದರ ಶಾಖ ತಗುಲಿ ಹೊಟ್ಟೆ, ತೊಡೆಯ ಚರ್ಮಕ್ಕೆ ಬರುವ ಕ್ಯಾನ್ಸರಿಗೆ ವೈದ್ಯರು ಕಾಂಗ್ರಿಯ ಹೆಸರನ್ನೇ ಇಟ್ಟಿದ್ದಾರೆ. ಪ್ರವಾಸಿಗೆ ಅದಕ್ಕಿಂತ ಹತ್ತಿರದ ಅಪಾಯ ಕಾರ್ಬನ್ ಮೊನಾಕ್ಸೈಡ್. ಬಣ್ಣವಿಲ್ಲ, ವಾಸನೆಯಿಲ್ಲ. ಕಿಟಕಿ ಬಿಗಿದ ಕೋಣೆಯಲ್ಲಿ ಇದ್ದಿಲಾಗಲಿ ಗ್ಯಾಸ್ ಹೀಟರಾಗಲಿ ಉರಿಯುತ್ತಿದ್ದರೆ, ಮೊದಲು ತಲೆನೋವು, ಮಂಪರು. ನಿದ್ದೆಯಲ್ಲಿದ್ದವರಿಗೆ ಅದೂ ಗೊತ್ತಾಗದು.

ಹಿಮವನ್ನು ಅಲ್ಲಿನವರು ಶಪಿಸುತ್ತಾರೆ ಎಂಬುದೂ ಅರ್ಧ ಸತ್ಯವೇ. ಡಿಸೆಂಬರ್ 21ರಿಂದ ನಲವತ್ತು ದಿನ ‘ಚಿಲ್ಲೈ ಕಲಾನ್’ ಎಂಬ ಕಡುಚಳಿಯ ಕಾಲ. ಆಗ ಹಿಮ ಬೀಳದೆ ಹೋದರೆ ರೈತರಿಗೆ ಚಿಂತೆ. ಬೆಟ್ಟದಲ್ಲಿ ಗಟ್ಟಿಯಾಗಿ ಕೂತ ಆ ಹಿಮವೇ ಬೇಸಿಗೆಯಲ್ಲಿ ಝೀಲಂಗೂ ತೊರೆಗಳಿಗೂ ನೀರು.

ರೂಮು ಬುಕ್ ಮಾಡುವಾಗ ಹಿಮ ಬೀಳುತ್ತದೆಯೇ ಎಂದು ಕೇಳಿ, ಬೇಡವೆನ್ನುವುದಿಲ್ಲ. ಕೋಣೆಯನ್ನು ಯಾವುದರಿಂದ ಬಿಸಿ ಮಾಡುತ್ತಾರೆ ಎಂದೂ ಕೇಳಿ. ಕೆಂಡ, ಗ್ಯಾಸ್ ಎಂದರೆ ಮಲಗುವ ಮುನ್ನ ಆರಿಸಿ, ಕಿಟಕಿ ತುಸು ತೆರೆದಿಡಿ.