ಮಸ್ಕಿಯ ಗುಂಡುಗಲ್ಲು ಹೇಳಿದ ಹೆಸರು

ರಾಯಚೂರು ಕೋಟೆಯ 1294ರ ಶಾಸನವನ್ನು ಯಾರೂ ಹುಡುಕಿ ತೆಗೆಯಬೇಕಾಗಿರಲಿಲ್ಲ. ನಲವತ್ತು ಅಡಿ ಮೀರಿದ ಆ ಕಲ್ಲು ಊರಿಗೆಲ್ಲ ಕಾಣುವಂತೆ ಗೋಡೆಯಲ್ಲೇ ಕೂತಿದೆ; ಅದನ್ನು ಬಂಡಿಯ ಮೇಲೆ ಎಳೆದು ತಂದ ಬಗೆಯನ್ನೂ ಗೋಡೆಯಲ್ಲೇ ಕೊರೆದಿಟ್ಟಿದ್ದಾರೆ. ದೇವದುರ್ಗ ತಾಲ್ಲೂಕಿನ ಗಬ್ಬೂರಿನ ಗುಡಿಗಳ ಶಾಸನಗಳೂ ಹೋದವರ ಕಣ್ಣಿಗೆ ಬೀಳುವಂಥವೇ. ಮಾನ್ವಿ, ಸಿಂಧನೂರು ದಾಟಿ ಮಸ್ಕಿಗೆ ಬಂದರೆ ಮಾತ್ರ ಕತೆ ಬೇರೆ. ಇಲ್ಲಿ ಎರಡು ಸಾವಿರದ ಇನ್ನೂರು ವರ್ಷ ಹಳೆಯ ಬರಹವೊಂದು ದುರ್ಗದ ಗುಡ್ಡದ ಗುಂಡುಗಳ ಸಂದಿಯಲ್ಲಿ, ಗವಿಯೊಳಗೆ ಉಳಿದುಕೊಂಡಿತ್ತು.

ಅದು ಬೆಳಕಿಗೆ ಬಂದದ್ದು ಚಿನ್ನದ ದೆಸೆಯಿಂದ. ಹಟ್ಟಿಯಿಂದ ಮಸ್ಕಿಯ ಕಡೆಗೆ ಹಬ್ಬಿರುವ ಕಪ್ಪು ಕಲ್ಲಿನ ಪಟ್ಟಿಯಲ್ಲಿ ಚಿನ್ನವಿದೆ ಎಂಬುದು ಹಿಂದಿನವರಿಗೆ ಚೆನ್ನಾಗಿ ಗೊತ್ತಿತ್ತು. ಹಟ್ಟಿಯಲ್ಲಿ ಅವರು ಆರುನೂರು ಅಡಿಗೂ ಆಳಕ್ಕೆ ಇಳಿದಿದ್ದರು. ಕಲ್ಲಿಗೆ ಬೆಂಕಿ ಹಚ್ಚಿ ಕಾಯಿಸಿ, ಸೀಳು ಬಿಟ್ಟಲ್ಲಿ ಒಡೆದು ತೆಗೆಯುವ ಕೆಲಸ ಅದು. ನಿಜಾಮರ ಕಾಲದಲ್ಲಿ ಎಂಜಿನಿಯರುಗಳು ಮತ್ತೆ ಬಂದದ್ದು ಈ ಹಳೆಯ ಗುಂಡಿಗಳ ಜಾಡು ಹಿಡಿದೇ. ಆ ಕೆಲಸ ಕಚೇರಿಯಲ್ಲಿ ಕೂತು ಆಗುವಂಥದ್ದಲ್ಲ. ಎರೆ ಹೊಲ ತುಳಿದು, ಗುಡ್ಡ ಹತ್ತಿ, ಕಲ್ಲನ್ನು ಒಂದೊಂದಾಗಿ ನೋಡಬೇಕು.

ಹಾಗೆ ಬಂದವರಲ್ಲಿ ಸಿ. ಬೀಡನ್ ಒಬ್ಬ. 1915ರಲ್ಲಿ ಮಸ್ಕಿಯ ಶಾಸನವನ್ನು ಗುರುತಿಸಿದ್ದು ಅವನು. ಕುರಿ ಕಾಯುವ ಹುಡುಗರಿಗೆ ಆ ಗವಿ ಗೊತ್ತಿರಲಿಲ್ಲ ಎಂದರೆ ನಾನಂತೂ ನಂಬುವುದಿಲ್ಲ. ಈ ಬಿಸಿಲಿನಲ್ಲಿ ನೆರಳಿರುವ ಜಾಗ ಅವರಿಗೆ ಗೊತ್ತಿಲ್ಲದೆ ಇನ್ಯಾರಿಗೆ ಗೊತ್ತಿರಬೇಕು? ಆದರೆ ಕಲ್ಲಿನ ಗೀರುಗಳು ಅಕ್ಷರ ಇರಬಹುದೆಂದು ಅನುಮಾನ ಪಟ್ಟು, ಓದಬಲ್ಲವರಿಗೆ ಸುದ್ದಿ ಮುಟ್ಟಿಸಿದ ಶ್ರೇಯಸ್ಸು ಬೀಡನ್‌ನದೇ. ಹೈದರಾಬಾದಿನ ಪುರಾತತ್ವ ಇಲಾಖೆ ಆಗಷ್ಟೇ, 1914ರಲ್ಲಿ, ಗುಲಾಂ ಯಾಜ್ದಾನಿಯವರ ಕೈಕೆಳಗೆ ಶುರುವಾಗಿತ್ತು. ಶಾಸನವನ್ನು ಓದಿದವರು ಹೊಸಕೋಟೆ ಕೃಷ್ಣಶಾಸ್ತ್ರಿ. ಇಲಾಖೆಯ ಪ್ರಕಟಣೆಗಳ ಸಾಲಿನಲ್ಲಿ ಮೊದಲನೆಯದೇ ಈ ಮಸ್ಕಿ ಶಾಸನ.

ಕೃಷ್ಣಶಾಸ್ತ್ರಿಗಳು ಓದಿದ್ದೇನು? ‘ದೇವಾನಾಂಪಿಯಸ ಅಸೋಕಸ’. ಅಶೋಕನ ಹೆಸರು!

ಇದು ಎಷ್ಟು ದೊಡ್ಡ ಸಂಗತಿ ಎಂದು ತಿಳಿಯಲು ಸ್ವಲ್ಪ ಹಿಂದಕ್ಕೆ ಹೋಗಬೇಕು. ಜೇಮ್ಸ್ ಪ್ರಿನ್ಸೆಪ್ 1837ರ ಸುಮಾರಿಗೆ ಬ್ರಾಹ್ಮಿ ಲಿಪಿಯನ್ನು ಬಿಡಿಸಿದಾಗ ಕಲ್ಲುಗಳೆಲ್ಲ ಒಬ್ಬ ‘ದೇವಾನಾಂಪಿಯ ಪಿಯದಸಿ’ಯ ಮಾತನ್ನೇ ಆಡುತ್ತಿದ್ದವು. ಇವನು ಯಾರು? ಸಿಂಹಳದ ಹಳೆಯ ಗ್ರಂಥಗಳನ್ನು ನೋಡಿದ ಜಾರ್ಜ್ ಟರ್ನರ್ ಆತನೇ ಮೌರ್ಯ ಅಶೋಕ ಎಂದು ತೋರಿಸಿದ. ಪಂಡಿತರು ಒಪ್ಪಿದರು. ಬಿ.ಎಲ್. ರೈಸ್ 1892ರಲ್ಲಿ ಚಿತ್ರದುರ್ಗ ಸೀಮೆಯ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರದಲ್ಲಿ ಮೂರು ಶಾಸನ ಕಂಡ. ಅವುಗಳಲ್ಲೂ ಬಿರುದಷ್ಟೇ ಇತ್ತು. ಪುಸ್ತಕದ ಸಾಕ್ಷಿಯ ಮೇಲೆ ಮುಕ್ಕಾಲು ಶತಮಾನ ನಿಂತಿದ್ದ ತೀರ್ಮಾನಕ್ಕೆ ಅರಸನ ಶಾಸನದಲ್ಲೇ ಹೆಸರು ಸಿಕ್ಕಿದ್ದು ಮಸ್ಕಿಯಲ್ಲಿ. ಮುಂದೆ ಮಧ್ಯಪ್ರದೇಶದ ಗುಜರ್ರಾ, ಬಳ್ಳಾರಿ ಸೀಮೆಯ ನಿಟ್ಟೂರು, ಉಡೇಗೋಳಗಳಲ್ಲೂ ಆ ಹೆಸರು ಕಾಣಿಸಿತು.

ಇನ್ನೊಂದು ಸೋಜಿಗ. ಶಿಲಾಯುಗದ ಹತಾರಗಳನ್ನು ಹುಡುಕುತ್ತ ದಕ್ಷಿಣದ ತುಂಬ ಅಲೆದ ರಾಬರ್ಟ್ ಬ್ರೂಸ್ ಫೂಟ್ 19ನೇ ಶತಮಾನದಲ್ಲೇ ಮಸ್ಕಿಗೆ ಬಂದು ಹೋಗಿದ್ದ. ಅವನ ಕಣ್ಣು ನೆಲದ ಮೇಲೆ. ಬರಹವಿದ್ದದ್ದು ಗವಿಯೊಳಗಿನ ಕಲ್ಲಿನ ಮೇಲೆ. ಫೂಟ್ ನೆಲ ನೋಡಿದ್ದೂ ವ್ಯರ್ಥವಾಗಲಿಲ್ಲ. 1954ರಲ್ಲಿ ಬಿ.ಕೆ. ಥಾಪರ್ ಇಲ್ಲಿ ಅಗೆದಾಗ, ಅಶೋಕನಿಗಿಂತ ಬಹಳ ಮುಂಚೆಯೇ ಜನ ಈ ಗುಡ್ಡದ ಬುಡದಲ್ಲಿ ನೆಲೆಸಿದ್ದರೆಂಬುದು ಪದರಪದರವಾಗಿ ಹೊರಬಿತ್ತು.

ಚಿನ್ನದ ಎಳೆ ಇನ್ನೂ ಮುಗಿದಿಲ್ಲ. ಬ್ರಹ್ಮಗಿರಿಯ ಶಾಸನ ಸುವರ್ಣಗಿರಿ ಎಂಬ ಊರಿನಿಂದ ಹೊರಟ ಅಪ್ಪಣೆ. ಮೌರ್ಯರ ದಕ್ಷಿಣದ ಆಡಳಿತ ಅಲ್ಲಿಂದ ನಡೆಯುತ್ತಿತ್ತು. ಆ ಊರು ಯಾವುದು? ಮಸ್ಕಿಯೇ ಎಂದವರಿದ್ದಾರೆ, ಕನಕಗಿರಿ ಎಂದವರಿದ್ದಾರೆ, ಆಂಧ್ರದ ಜೊನ್ನಗಿರಿಯನ್ನು ತೋರಿಸುವವರೂ ಇದ್ದಾರೆ. ಹಟ್ಟಿಯ ಹಳೆಯ ಗುಂಡಿಗಳ ಆಳ ನೆನೆದರೆ ನನ್ನ ಮನಸ್ಸು ಮಸ್ಕಿಯ ಕಡೆಗೇ ವಾಲುತ್ತದೆ. ಆದರೆ ಹಾಗೆನ್ನಲು ಇನ್ನೊಂದು ಕಲ್ಲು ಸಿಗಬೇಕು.