ಕಾಶಿಯ ಶಾಸ್ತ್ರಿ, ಗಂಗಾಮೂಲದ ಪಂಡಿತೆ ಮತ್ತು ಕೃಪಾ ಸದನ

ಕಾಶಿ ಎಂದರೆ ನಮ್ಮವರಿಗೆ ಗಂಗಾಸ್ನಾನ, ವಿಶ್ವನಾಥನ ದರ್ಶನ, ಹಿರಿಯರ ಪಿಂಡಪ್ರದಾನ. ಪಾಪ ಕಳೆದುಕೊಳ್ಳಲು ದೇಶವೇ ಬಂದು ಮುಳುಗುವ ಈ ಊರಿನಲ್ಲಿ ಬೆಳೆದ ನೀಲಕಂಠ ಶಾಸ್ತ್ರಿ ಗೋರೆ, ಮಿಷನರಿಗಳನ್ನು ವಾದದಲ್ಲಿ ಸೋಲಿಸಲೆಂದೇ ಬೈಬಲ್ ಹಿಡಿದವರು. ಓದು ಅವರನ್ನೇ ಬದಲಿಸಿತು. 1848ರಲ್ಲಿ ಜೌನ್‌ಪುರದಲ್ಲಿ ದೀಕ್ಷಾಸ್ನಾನ ಪಡೆದು ನೆಹೆಮೀಯ ಗೋರೆಯಾದರು.

ಕನ್ನಡಿಗರಿಗೆ ಅವರ ನೆನಪು ಬರಬೇಕಾದದ್ದು ಪಂಡಿತಾ ರಮಾಬಾಯಿಯವರಿಂದ. ಕಾರ್ಕಳ ತಾಲೂಕಿನ ಮಾಳದ ಅನಂತ ಶಾಸ್ತ್ರಿ ಡೋಂಗ್ರೆಯವರ ಈ ಮಗಳು 1858ರಲ್ಲಿ ಹುಟ್ಟಿದ್ದು ಘಟ್ಟದ ಮೇಲಿನ ಗಂಗಾಮೂಲದಲ್ಲಿ. ಕ್ರೈಸ್ತ ಧರ್ಮದ ಬಗ್ಗೆ ಆಕೆಗಿದ್ದ ಸಂಶಯಗಳಿಗೆ ಗೋರೆಯವರ ಬರಹಗಳಲ್ಲಿ ಉತ್ತರ ಸಿಕ್ಕಿತು. ಬುದ್ಧಿ ಒಪ್ಪಿತು ನಿಜ, ಆದರೆ ಮನಸ್ಸು ಕರಗಿಸಿದ್ದು ವಾದವಲ್ಲ.

1883ರಲ್ಲಿ ಇಂಗ್ಲೆಂಡಿಗೆ ಹೋದ ರಮಾಬಾಯಿ ಲಂಡನ್ನಿನ ಫುಲ್ಹಮ್‌ನಲ್ಲಿ ಒಂದು ಆಶ್ರಮ ಕಂಡರು. ‘ಕೆಟ್ಟವರು’ ಎಂದು ಸಮಾಜ ಹೊರಗಟ್ಟಿದ ಹೆಂಗಸರನ್ನು ಅಲ್ಲಿ ಸನ್ಯಾಸಿನಿಯರು ಆರೈಕೆ ಮಾಡುತ್ತಿದ್ದರು. ಇವರ ಮೇಲೆ ಇಷ್ಟು ಅಕ್ಕರೆ ಏಕೆಂದು ಕೇಳಿದಾಗ ಸನ್ಯಾಸಿನಿಯೊಬ್ಬರು ಯೋಹಾನನ ಸುವಾರ್ತೆಯ ಸಮಾರ್ಯದ ಹೆಂಗಸಿನ ಕತೆ ಓದಿ ಹೇಳಿದರು. ಐದು ಗಂಡಂದಿರಾಗಿ, ಈಗ ಮದುವೆಯಿಲ್ಲದೆ ಇನ್ನೊಬ್ಬನೊಡನೆ ಇದ್ದವಳು. ಜಾತಿಯಲ್ಲೂ ಯೆಹೂದ್ಯರಿಗೆ ಬೇಡವಾದವಳು. ಅಂಥವಳಲ್ಲಿ ಬಾವಿಕಟ್ಟೆಯ ಬಳಿ ಯೇಸು ತಾನಾಗಿ ನೀರು ಕೇಳುತ್ತಾನೆ. ಆಕೆಯ ಬದುಕೆಲ್ಲ ತನಗೆ ಗೊತ್ತೆಂದು ತಿಳಿಸುತ್ತಾನೆ, ಆದರೂ ಛೀ ಎನ್ನುವುದಿಲ್ಲ. ‘ಮೊದಲು ತಿದ್ದಿಕೊ, ಆಮೇಲೆ ಬಾ’ ಎಂಬ ಷರತ್ತಿಲ್ಲ.

ಕ್ರೈಸ್ತರು ಕೃಪೆ ಎನ್ನುವುದು ಇದನ್ನೇ. ಪುಣ್ಯದ ಖಾತೆಯಲ್ಲಿ ಜಮೆ ಎಷ್ಟಿದೆ ಎಂದು ನೋಡಿ ಕೊಡುವ ಸಾಲ ಇದಲ್ಲ. ಪಶ್ಚಾತ್ತಾಪ ಬೇಡವೆಂದೂ ಅರ್ಥವಲ್ಲ. ದೇವರ ಪ್ರೀತಿ ಮೊದಲು ಬರುತ್ತದೆ, ಪಶ್ಚಾತ್ತಾಪ ಅದರ ಬೆನ್ನಿಗೆ.

ಅದೇ ವರ್ಷ ರಮಾಬಾಯಿ ಕ್ರೈಸ್ತರಾದರು. ಪುಣೆಯ ಸುಧಾರಕರೂ ಮುನಿಸಿಕೊಂಡರು. ಮತಾಂತರದ ಬಗ್ಗೆ ಯಾರ ಅಭಿಪ್ರಾಯ ಏನೇ ಇರಲಿ, ಮುಂದೆ ಆಕೆ ಮಾಡಿದ ಕೆಲಸ ಕಣ್ಣೆದುರಿಗಿದೆ. 1889ರಲ್ಲಿ ಮುಂಬಯಿಯಲ್ಲಿ ವಿಧವೆಯರಿಗಾಗಿ ಶಾರದಾ ಸದನ ತೆರೆದರು. ಬರಗಾಲದಲ್ಲಿ ಅನಾಥರಾದ ನೂರಾರು ಹುಡುಗಿಯರನ್ನು ಪುಣೆ ಬಳಿಯ ಕೇಡಗಾಂವ್‌ನ ಮುಕ್ತಿ ಮಿಷನ್‌ಗೆ ಕರೆತಂದರು. ಅಲ್ಲಿಯೇ, ಯಾವ ಮನೆಯೂ ಸೇರಿಸಿಕೊಳ್ಳದ ‘ದಾರಿ ತಪ್ಪಿದ’ ಹೆಂಗಸರಿಗೆ ಪ್ರತ್ಯೇಕ ಆಸರೆ ಕಟ್ಟಿದರು. ಫುಲ್ಹಮ್‌ನಲ್ಲಿ ಕಂಡದ್ದನ್ನು ಮರೆಯದೆ ಇಟ್ಟ ಹೆಸರು ‘ಕೃಪಾ ಸದನ’. ಮಗಳು ಮನೋರಮಾ ಅವರೊಡನೆ ಕಲಬುರಗಿಯಲ್ಲೂ ಶಾಲೆ ನಡೆಸಿದರು.

ರಮಾಬಾಯಿ 1922ರಲ್ಲಿ ತೀರಿಕೊಂಡರು. ಮುಕ್ತಿ ಮಿಷನ್ ಇಂದಿಗೂ ನಡೆಯುತ್ತಿದೆ. ಉದ್ಯಾನ್ ಎಕ್ಸ್‌ಪ್ರೆಸ್ ಹತ್ತಿ ಊರಿಗೆ ಹೋಗುವ ಕಲಬುರಗಿಯವರು ಪುಣೆ ಬಿಟ್ಟ ಮೇಲೆ, ದೌಂಡ್‌ಗೆ ಮೊದಲು, ಕೇಡಗಾಂವ್ ನಿಲ್ದಾಣವನ್ನು ದಾಟಿಯೇ ಹೋಗುತ್ತಾರೆ.